ಮಳೆಯಾಶ್ರಿತ ಮೆಕ್ಕೆಜೋಳ: ಕೊಟ್ಟಿಗೆ ಗೊಬ್ಬರ ಮತ್ತು ರಸಗೊಬ್ಬರಗಳನ್ನು ಕೂಡಿಸಿ ಕೊಡುವ ಕ್ರಮ

ದಾವಣಗೆರೆ, ಹಾವೇರಿ, ಶಿವಮೊಗ್ಗ, ಚಿತ್ರದುರ್ಗ ಜಿಲ್ಲೆಗಳಲ್ಲಿ ಹಿಂದೆ ಹತ್ತಿ, ಜೋಳ, ಶೇಂಗಾ ಬೆಳೆಯುತ್ತಿದ್ದ ಎಷ್ಟೋ ಹೊಲಗಳಲ್ಲಿ ಈಗ ಮುಂಗಾರು ಬಂತೆಂದರೆ ಮೆಕ್ಕೆಜೋಳವೇ. ಅದೇ ಹೊಲಕ್ಕೆ ವರ್ಷ ವರ್ಷವೂ ಅದೇ ಬೆಳೆ ಬೀಳುತ್ತಿದೆ. ಇತ್ತ ಟ್ರ್ಯಾಕ್ಟರ್ ಬಂದು ಎತ್ತುಗಳು ಹೋದ ಮೇಲೆ ಮನೆಮನೆಯ ತಿಪ್ಪೆಗಳೂ ಸಣ್ಣದಾಗಿವೆ. ಹೀಗಾಗಿ ಗೊಬ್ಬರವೆಂದರೆ ಅಂಗಡಿಯಿಂದ ತರುವ ಚೀಲ, ಅದರಲ್ಲೂ ಮುಖ್ಯವಾಗಿ ಯೂರಿಯಾ ಮತ್ತು ಡಿಎಪಿ (ಸಾರಜನಕ, ರಂಜಕ ಎರಡೂ ಇರುವ ರಸಗೊಬ್ಬರ) ಎಂಬಂತಾಗಿದೆ. ಚೀಲಗಳ ಸಂಖ್ಯೆ ಏರಿದಷ್ಟು ಇಳುವರಿ ಏರುತ್ತಿಲ್ಲ ಎಂಬ ದೂರು ಈ ಭಾಗದ ಯಾವ ಊರಿನ ಕಟ್ಟೆಯ ಮೇಲೆ ಕುಳಿತರೂ ಕೇಳಿಬರುತ್ತದೆ.

ಇದಕ್ಕೆ ಪರಿಹಾರವೆಂದು ರಸಗೊಬ್ಬರವನ್ನು ಪೂರ್ತಿ ಬಿಟ್ಟು ಕೊಟ್ಟಿಗೆ ಗೊಬ್ಬರದಲ್ಲಷ್ಟೇ ಹೈಬ್ರಿಡ್ ಮೆಕ್ಕೆಜೋಳ ಬೆಳೆಯಲು ಹೊರಟರೆ ಬೇರೊಂದು ತೊಡಕು ಎದುರಾಗುತ್ತದೆ. ಬಿತ್ತಿದ ಮೊದಲ 25–30 ದಿನ ಮೆಕ್ಕೆಜೋಳಕ್ಕೆ ಹೆಚ್ಚು ಆಹಾರ ಬೇಕಾಗುವುದಿಲ್ಲ. ಅಲ್ಲಿಂದ ಸೂಲಂಗಿ (ಗಿಡದ ತುದಿಯ ಗಂಡು ಹೂಗೊನೆ) ಬರುವವರೆಗಿನ ಒಂದು ತಿಂಗಳ ಅವಧಿಯಲ್ಲಿ ಮಾತ್ರ ಅದು ತನಗೆ ಬೇಕಾದ ಸಾರಜನಕದ ಬಹುಪಾಲನ್ನು ಒಮ್ಮೆಲೇ ಎಳೆದುಕೊಳ್ಳುತ್ತದೆ. ಕೊಟ್ಟಿಗೆ ಗೊಬ್ಬರವು ನಿಧಾನವಾಗಿ ಕರಗಿ ಪೋಷಕಾಂಶ ಬಿಡುವುದರಿಂದ ಆ ವೇಗಕ್ಕೆ ಒದಗಲಾರದು. ಯೂರಿಯಾ ಆ ವೇಗಕ್ಕೆ ಒದಗಿದರೂ, ಮಣ್ಣಿನಲ್ಲಿ ಅದನ್ನು ಹಿಡಿದಿಡುವ ಸಾವಯವ ಅಂಶವಿಲ್ಲದಿದ್ದರೆ ಒಂದು ಪಾಲು ಗಾಳಿಗೆ, ಇನ್ನೊಂದು ಪಾಲು ನೀರಿನೊಂದಿಗೆ ಕೆಳಕ್ಕೆ ಹೋಗುತ್ತದೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಲ್ಲಿ 1986ರಿಂದ ಕೆಂಪು ಮಣ್ಣಿನ ಮೇಲೆ ರಾಗಿ–ಮೆಕ್ಕೆಜೋಳ ಸರದಿಯ ದೀರ್ಘಾವಧಿ ಗೊಬ್ಬರ ಪ್ರಯೋಗ ನಡೆದುಬಂದಿದೆ. ಅಲ್ಲಿ ಸಾರಜನಕವೊಂದನ್ನೇ ಕೊಟ್ಟ ತಾಕುಗಳಲ್ಲಿ ಮಣ್ಣು ಹುಳಿಯಾಗಿ ಇಳುವರಿ ಕುಸಿದರೆ, ಶಿಫಾರಸಿನ ಪೂರ್ಣ ರಸಗೊಬ್ಬರದ ಜೊತೆಗೆ ಕೊಟ್ಟಿಗೆ ಗೊಬ್ಬರವನ್ನೂ ಪಡೆದ ತಾಕುಗಳು ಒಳ್ಳೆಯ ಇಳುವರಿಯನ್ನು ಉಳಿಸಿಕೊಂಡಿವೆ. ಈ ಬರಹದ ಕ್ರಮ ನಿಂತಿರುವುದು ಇದೇ ತಿಳಿವಳಿಕೆಯ ಮೇಲೆ: ತಿಪ್ಪೆಯ ಗೊಬ್ಬರದಿಂದ ಮಣ್ಣನ್ನು ಸಿದ್ಧಪಡಿಸಿಕೊಂಡು, ಚೀಲದ ಗೊಬ್ಬರವನ್ನು ಬೆಳೆ ಕೇಳುವ ಹೊತ್ತಿಗೆ, ಲೆಕ್ಕ ಹಾಕಿ ಕೊಡಬೇಕು.

ಮೊದಲ ಹಂತ: ಮಣ್ಣು ಪರೀಕ್ಷೆ

ಹೊಲಕ್ಕೆ ಗೊಬ್ಬರ ಹೇರುವ ಮೊದಲೇ, ಅಂದರೆ ಬೇಸಿಗೆಯಲ್ಲಿ, ಮಣ್ಣಿನ ಮಾದರಿ ತೆಗೆಯಬೇಕು. ಹೊಲದಲ್ಲಿ ಅಡ್ಡಾದಿಡ್ಡಿಯಾಗಿ ನಡೆಯುತ್ತ ಎಂಟು–ಹತ್ತು ಕಡೆ ಮೇಲಿನ ಕಸಕಡ್ಡಿ ಸರಿಸಿ, 15ರಿಂದ 20 ಸೆಂಟಿಮೀಟರ್ ಆಳಕ್ಕೆ ಇಳಿಜಾರಾಗಿ ಗುಂಡಿ ತೋಡಿ, ಅದರ ಒಂದು ಬದಿಯಿಂದ ಮೇಲಿನಿಂದ ಕೆಳಗಿನವರೆಗೆ ಸಮನಾದ ದಪ್ಪದಲ್ಲಿ ಮಣ್ಣನ್ನು ಕೆರೆದುಕೊಳ್ಳಬೇಕು. ಬದು, ಮರದ ನೆರಳು, ಹಳೆಯ ತಿಪ್ಪೆಯ ಜಾಗ, ನೀರು ನಿಲ್ಲುವ ತಗ್ಗುಗಳನ್ನು ಬಿಡಬೇಕು. ಎಲ್ಲವನ್ನೂ ಒಟ್ಟುಗೂಡಿಸಿ ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗಗಳನ್ನು ಬಿಡುತ್ತ ಹೋಗಿ ಕೊನೆಗೆ ಅರ್ಧ ಕಿಲೋ ಉಳಿಸಿಕೊಂಡು, ನೆರಳಿನಲ್ಲಿ ಒಣಗಿಸಿ ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕೋ ಕೃಷಿ ವಿಜ್ಞಾನ ಕೇಂದ್ರಕ್ಕೋ ಕೊಡಬೇಕು. ಒಂದೇ ಸರ್ವೆ ನಂಬರಿನಲ್ಲಿ ಅರ್ಧ ಎರೆ (ಕಪ್ಪು ಮಣ್ಣು), ಅರ್ಧ ಕೆಂಪು ಮಸಾರಿ ಇದ್ದರೆ ಎರಡು ಮಾದರಿಗಳು ಬೇಕು.

2015ರಲ್ಲಿ ಮಣ್ಣು ಆರೋಗ್ಯ ಚೀಟಿ ಯೋಜನೆ ಬಂದಾಗಿನಿಂದ ಅನೇಕರ ಮನೆಯಲ್ಲಿ ಚೀಟಿಯಿದೆ. ಆದರೆ ಅದನ್ನು ತೆರೆದು ನೋಡಿದವರು ಕಡಿಮೆ. ಅದರಲ್ಲಿ ಮುಖ್ಯವಾಗಿ ಮೂರು ಸಂಗತಿಗಳನ್ನು ಗಮನಿಸಬೇಕು. ಸಾವಯವ ಇಂಗಾಲ ಶೇ. 0.5ಕ್ಕಿಂತ ಕಡಿಮೆಯಿದ್ದರೆ ಆ ಹೊಲಕ್ಕೆ ಕೊಟ್ಟಿಗೆ ಗೊಬ್ಬರದ ಸರದಿಯಲ್ಲಿ ಮೊದಲ ಜಾಗ ಕೊಡಬೇಕು. ರಸಸಾರ (pH) ಆರಕ್ಕಿಂತ ಕೆಳಗಿದ್ದರೆ ಸುಣ್ಣದ ಪ್ರಮಾಣವನ್ನು ಮಾದರಿ ಕೊಟ್ಟ ಕೇಂದ್ರದಲ್ಲಿಯೇ ವಿಚಾರಿಸಿ, ಬಿತ್ತನೆಗೆ ಎರಡು–ಮೂರು ವಾರ ಮುಂಚೆ ಹಾಕಬೇಕು. ಸತುವಿನ ಕೊರತೆ ಇದೆಯೇ ಎಂಬುದು ಮೂರನೆಯದು. ಮೆಕ್ಕೆಜೋಳ ಸತುವಿನ ಕೊರತೆಯನ್ನು ಬೇಗ ತೋರಿಸುವ ಬೆಳೆ.

ಎರಡನೆಯ ಹಂತ: ತಿಪ್ಪೆಯಲ್ಲೇ ಗೊಬ್ಬರದ ಸಾರ ಉಳಿಸಿಕೊಳ್ಳುವುದು

ಕೂಡಿಸಿ ಕೊಡುವ ಕ್ರಮದ ಅರ್ಧ ಯಶಸ್ಸು ತಿಪ್ಪೆಯಲ್ಲೇ ನಿರ್ಧಾರವಾಗುತ್ತದೆ ಎಂಬುದು ನನ್ನ ಅಭಿಪ್ರಾಯ. ಬಯಲಿನಲ್ಲಿ ಗುಡ್ಡೆ ಹಾಕಿ, ಮಳೆಯಲ್ಲಿ ನೆನೆಸಿ, ಬಿಸಿಲಲ್ಲಿ ಒಣಗಿಸಿದ ಗೊಬ್ಬರವು ನೋಡಲು ಗೊಬ್ಬರದಂತಿದ್ದರೂ ಅದರೊಳಗಿನ ಸಾರಜನಕದ ದೊಡ್ಡ ಪಾಲು ಆಗಲೇ ಹೋಗಿರುತ್ತದೆ. ದನದ ಗಂಜಲದಲ್ಲಿ ಸಾರಜನಕವೂ ಪೊಟ್ಯಾಷೂ ಹೇರಳವಾಗಿವೆ. ಅದನ್ನು ಕೊಟ್ಟಿಗೆಯ ಚರಂಡಿಗೆ ಬಿಟ್ಟು ಬರಿಯ ಸಗಣಿಯನ್ನು ತಿಪ್ಪೆಗೆ ಹಾಕುವುದೆಂದರೆ ಗೊಬ್ಬರದ ಒಳ್ಳೆಯ ಭಾಗವನ್ನು ಎಸೆದಂತೆಯೇ. ದನಗಳ ಕೆಳಗೆ ಸೊಪ್ಪೆಯ (ತೆನೆ ಮುರಿದ ಒಣ ದಂಟಿನ) ಚೂರು, ಒಣಹುಲ್ಲು, ಉಳಿದ ಮೇವನ್ನು ಹರಡಿ, ಗಂಜಲ ಹೀರಿಕೊಂಡ ಆ ಹಾಸನ್ನು ಪ್ರತಿದಿನ ಸಗಣಿಯೊಂದಿಗೆ ಗುಂಡಿಗೆ ತುಂಬಬೇಕು.

ಗುಂಡಿ ಒಂದು ಮೀಟರಿಗಿಂತ ಹೆಚ್ಚು ಆಳ ಬೇಕಿಲ್ಲ. ಎರಡು ಮೀಟರ್ ಅಗಲ ಸಾಕು, ಉದ್ದ ದನಗಳ ಸಂಖ್ಯೆಗೆ ತಕ್ಕಂತೆ. ಒಂದು ಕಡೆಯಿಂದ ತುಂಬುತ್ತ ಬಂದು, ನೆಲಮಟ್ಟಕ್ಕಿಂತ ಒಂದು ಮೊಳ ಎತ್ತರವಾದ ಭಾಗವನ್ನು ಸಗಣಿ ಮತ್ತು ಮಣ್ಣಿನ ಗಾರೆಯಿಂದ ಮುಚ್ಚಿಬಿಟ್ಟರೆ ನಾಲ್ಕೈದು ತಿಂಗಳಲ್ಲಿ ಅದು ಕಳಿಯುತ್ತದೆ. ತುಂಬುವಾಗ ಪದರ ಪದರದ ನಡುವೆ ಸ್ವಲ್ಪ ಸೂಪರ್ ಫಾಸ್ಫೇಟ್ ಚೆಲ್ಲಿದರೆ ಅಮೋನಿಯಾ ಹಾರಿಹೋಗುವುದು ಕಡಿಮೆಯಾಗುವುದಲ್ಲದೆ, ಗೊಬ್ಬರದಲ್ಲಿ ರಂಜಕದ ಅಂಶವೂ ಹೆಚ್ಚುತ್ತದೆ.

ಗೊಬ್ಬರ ಕಳಿತಿದೆಯೇ ಎಂದು ತಿಳಿಯಲು ಪ್ರಯೋಗಾಲಯ ಬೇಕಿಲ್ಲ. ಕೈಯಲ್ಲಿ ಹಿಡಿದರೆ ಪುಡಿಯಾಗಬೇಕು, ಕಪ್ಪಗಿರಬೇಕು, ಹಸಿ ಸಗಣಿಯ ವಾಸನೆ ಹೋಗಿ ಮಳೆ ಬಿದ್ದ ಮಣ್ಣಿನ ವಾಸನೆ ಬರಬೇಕು, ಗುಂಡಿಯೊಳಗೆ ಕೈಯಿಟ್ಟರೆ ಬಿಸಿ ತಾಗಬಾರದು. ಹುಲ್ಲಿನ ಎಳೆಗಳು ಇನ್ನೂ ಗುರುತು ಸಿಗುವಂತಿರುವ ಗೊಬ್ಬರವನ್ನು ಬಿತ್ತನೆಗೆ ಮೊದಲು ಹಾಕಿದರೆ, ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನಲ್ಲಿದ್ದ ಸಾರಜನಕವನ್ನೇ ತಮಗೆ ಬಳಸಿಕೊಳ್ಳುವುದರಿಂದ ಎಳೆಯ ಪೈರು ಹಳದಿಗೆ ತಿರುಗುತ್ತದೆ. ಹಸಿ ಗೊಬ್ಬರದ ಜೊತೆಗೆ ಗೊಣ್ಣೆ ಹುಳು, ಗೆದ್ದಲು ಮತ್ತು ಕಳೆಬೀಜಗಳೂ ಹೊಲ ಸೇರುತ್ತವೆ.

ಮೂರನೆಯ ಹಂತ: ಕೈಯಲ್ಲಿರುವ ಗೊಬ್ಬರದ ಲೆಕ್ಕ

‘ಎರಡು ಟ್ರೇಲರ್ ಹೊಡೆಸಿದ್ದೇನೆ’ ಎಂಬ ಮಾತಿನಿಂದ ಯಾವ ಲೆಕ್ಕವೂ ಆಗುವುದಿಲ್ಲ. ಟ್ರೇಲರಿನ ಗಾತ್ರ, ಗೊಬ್ಬರದ ತೇವ, ಅದರಲ್ಲಿ ಬೆರೆತ ಮಣ್ಣು ಇವುಗಳ ಮೇಲೆ ತೂಕ ಬಹಳ ಬದಲಾಗುತ್ತದೆ. ಒಂದು ಟ್ರೇಲರನ್ನು ಒಮ್ಮೆ ವೇಬ್ರಿಡ್ಜ್ ಮೇಲೆ ನಿಲ್ಲಿಸಿ ತೂಕ ತಿಳಿದುಕೊಂಡರೆ ಮುಂದಿನ ವರ್ಷಗಳಿಗೂ ಅಂದಾಜು ಸಿಗುತ್ತದೆ.

ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರದಲ್ಲಿ ಸಾಮಾನ್ಯವಾಗಿ ಶೇ. 0.5 ಸಾರಜನಕ, ಶೇ. 0.2 ರಂಜಕ, ಶೇ. 0.5 ಪೊಟ್ಯಾಷ್ ಇರುತ್ತದೆಂದು ಹಿಡಿಯಲಾಗುತ್ತದೆ. ಅಂದರೆ ನಾಲ್ಕು ಟನ್ ಗೊಬ್ಬರದಲ್ಲಿ 20 ಕಿಲೋ ಸಾರಜನಕ, 8 ಕಿಲೋ ರಂಜಕ, 20 ಕಿಲೋ ಪೊಟ್ಯಾಷ್ ಇದ್ದಂತಾಯಿತು. ಆದರೆ ಮೊದಲ ಬೆಳೆಗೆ ದಕ್ಕುವುದು ಸಾರಜನಕದಲ್ಲಿ ಮೂರನೇ ಒಂದು ಭಾಗಕ್ಕಿಂತ ಕಡಿಮೆ, ಅಂದರೆ ಐದಾರು ಕಿಲೋ ಮಾತ್ರ. ರಂಜಕದ ಅರ್ಧಕ್ಕಿಂತ ಹೆಚ್ಚು ಮತ್ತು ಪೊಟ್ಯಾಷಿನ ಬಹುಪಾಲು ಅದೇ ಹಂಗಾಮಿನಲ್ಲಿ ದೊರೆಯುತ್ತದೆ. ಉಳಿದದ್ದು ಎರಡನೆಯ, ಮೂರನೆಯ ಬೆಳೆಗೆ. ಕೋಳಿ ಗೊಬ್ಬರದಲ್ಲಿ ಸಾರ ಬಹಳ ಹೆಚ್ಚು: ಶೇ. 3ರಷ್ಟು ಸಾರಜನಕ, ಶೇ. 2.6ರಷ್ಟು ರಂಜಕ, ಶೇ. 1.4ರಷ್ಟು ಪೊಟ್ಯಾಷ್. ಅದರ ಸಾರಜನಕ ಬೇಗ ಬಿಡುಗಡೆಯಾಗುವುದರಿಂದ ಅರ್ಧದಷ್ಟು ಮೊದಲ ಬೆಳೆಗೇ ಸಿಗುತ್ತದೆಂದು ಲೆಕ್ಕ ಹಿಡಿಯಬಹುದು. ಕುರಿ ಹಿಕ್ಕೆಯೂ ದನದ ಗೊಬ್ಬರಕ್ಕಿಂತ ಎಷ್ಟೋ ಸತ್ವಯುತವಾದದ್ದು. ಕುರಿ ಹಿಂಡುಗಳು ಬರುವ ಊರುಗಳಲ್ಲಿ ಹೊಲದಲ್ಲಿ ಮಂದೆ ನಿಲ್ಲಿಸಿದರೆ ಹಿಕ್ಕೆಯ ಜೊತೆಗೆ ಗಂಜಲವೂ ನೇರವಾಗಿ ನೆಲಕ್ಕಿಳಿಯುತ್ತದೆ. ಮಂದೆ ಎದ್ದ ಕೂಡಲೇ ಹೊಲವನ್ನು ಹರಗಿ ಮಣ್ಣು ಮುಚ್ಚಬೇಕು, ಬಿಸಿಲಿಗೆ ವಾರಗಟ್ಟಲೆ ಬಿಡಬಾರದು.

ನಾಲ್ಕನೆಯ ಹಂತ: ಎಷ್ಟು ಚೀಲ?

ಮಳೆಯಾಶ್ರಿತ ಮೆಕ್ಕೆಜೋಳಕ್ಕೆ ನಮ್ಮ ಕೃಷಿ ವಿಶ್ವವಿದ್ಯಾಲಯಗಳ ಶಿಫಾರಸು ಹೆಕ್ಟೇರಿಗೆ 100 ಕಿಲೋ ಸಾರಜನಕ, 50 ಕಿಲೋ ರಂಜಕ, 25 ಕಿಲೋ ಪೊಟ್ಯಾಷ್. ಎಕರೆಗೆ ಇಳಿಸಿದರೆ ಅದು 40:20:10 ಆಗುತ್ತದೆ. ಇಲ್ಲಿ ಬಹಳ ಮಂದಿ ತಪ್ಪು ತಿಳಿಯುವ ಒಂದು ಅಂಶವಿದೆ. ಈ ಶಿಫಾರಸು ಕೊಟ್ಟಿಗೆ ಗೊಬ್ಬರದ ಬದಲಿಗೆ ಹೇಳಿದ್ದಲ್ಲ; ಎಕರೆಗೆ ಮೂರರಿಂದ ನಾಲ್ಕು ಟನ್ ಕೊಟ್ಟಿಗೆ ಗೊಬ್ಬರದ ಜೊತೆಗೆ ಕೊಡಬೇಕಾದದ್ದು. ಆದ್ದರಿಂದ ಅಷ್ಟು ಕೊಟ್ಟಿಗೆ ಗೊಬ್ಬರ ಹಾಕಿದವರು ಮೊದಲ ವರ್ಷವೇ ಯೂರಿಯಾ ಅರ್ಧಕ್ಕಿಳಿಸುವುದು ಸರಿಯಲ್ಲ. ಅದನ್ನು ಹಾಕದವರು ಆ ಕೊರತೆ ತುಂಬಲೆಂದು ಯೂರಿಯಾ ಚೀಲ ಹೆಚ್ಚಿಸುವುದಂತೂ ಇನ್ನೂ ತಪ್ಪು, ಏಕೆಂದರೆ ಅವರ ಹೊಲದಲ್ಲಿ ಇಲ್ಲದಿರುವುದು ಸಾರಜನಕಕ್ಕಿಂತ ಹೆಚ್ಚಾಗಿ ಅದನ್ನು ಹಿಡಿದಿಡುವ ಶಕ್ತಿ.

ಎಕರೆಗೆ 40:20:10 ಕೊಡಲು ಸಾಮಾನ್ಯವಾಗಿ ಅಂಗಡಿಯಲ್ಲಿ ಸಿಗುವ ಗೊಬ್ಬರಗಳ ಎರಡು ಜೋಡಣೆಗಳು ಹೀಗಿವೆ.

– ಡಿಎಪಿ ಬಳಸುವುದಾದರೆ: ಬಿತ್ತನೆಯಲ್ಲಿ ಡಿಎಪಿ 43 ಕಿಲೋ, ಯೂರಿಯಾ 10 ಕಿಲೋ, ಮ್ಯುರೇಟ್ ಆಫ್ ಪೊಟ್ಯಾಷ್ 17 ಕಿಲೋ, ಮೇಲುಗೊಬ್ಬರವಾಗಿ (ಪೈರು ಬೆಳೆಯುತ್ತಿರುವಾಗ) ಯೂರಿಯಾ 30 ಕಿಲೋದಂತೆ ಎರಡು ಸಲ.
– 20:20:0:13 (ಸಾರಜನಕ, ರಂಜಕ, ಪೊಟ್ಯಾಷ್, ಗಂಧಕಗಳ ಶೇಕಡಾ ಪ್ರಮಾಣ) ಗೊಬ್ಬರ ಬಳಸುವುದಾದರೆ: ಬಿತ್ತನೆಯಲ್ಲಿ 50 ಕಿಲೋದ ಎರಡು ಚೀಲ ಮತ್ತು ಪೊಟ್ಯಾಷ್ 17 ಕಿಲೋ, ಮೇಲುಗೊಬ್ಬರವಾಗಿ 45 ಕಿಲೋದ ಒಂದು ಚೀಲ ಯೂರಿಯಾವನ್ನು ಎರಡು ಕಂತಿನಲ್ಲಿ.

ಎರಡನೆಯ ಜೋಡಣೆಯಲ್ಲಿ ಗಂಧಕವೂ ಸಿಗುವುದರಿಂದ, ಹಲವು ವರ್ಷ ಡಿಎಪಿ ಮಾತ್ರ ಕಂಡ ಕೆಂಪು ಮಣ್ಣಿನ ಹೊಲಗಳಿಗೆ ನಾನು ಅದನ್ನೇ ಆರಿಸುತ್ತೇನೆ. ಪೊಟ್ಯಾಷ್ ಬಿಡುವ ರೂಢಿ ನಮ್ಮಲ್ಲಿ ಹೆಚ್ಚು. ಇಪ್ಪತ್ತು ಕ್ವಿಂಟಾಲ್ ಕಾಳು ಕೊಡುವ ಬೆಳೆ ನೆಲದಿಂದ ಸಾರಜನಕಕ್ಕೆ ಸರಿಸಮನಾಗಿ ಪೊಟ್ಯಾಷನ್ನೂ ಎತ್ತಿಕೊಳ್ಳುತ್ತದೆ, ಅದರ ಬಹುಪಾಲು ಸೊಪ್ಪೆಯಲ್ಲಿರುತ್ತದೆ. ಸೊಪ್ಪೆಯನ್ನು ಮೇವಿಗೆ ಸಾಗಿಸಿ ತಿಪ್ಪೆಯನ್ನೂ ಹೊಲಕ್ಕೆ ತರದಿದ್ದರೆ ಆ ನಷ್ಟವನ್ನು ತುಂಬುವವರು ಯಾರೂ ಇರುವುದಿಲ್ಲ.

ಕೋಳಿ ಗೊಬ್ಬರ ಹಾಕುವವರ ಲೆಕ್ಕ ಬೇರೆ. ಇಲ್ಲಿ ಕಡಿತ ಮಾಡಲೇಬೇಕು. ಎಕರೆಗೆ ಒಂದು ಟನ್ ಕಳಿತ ಕೋಳಿ ಗೊಬ್ಬರ ಹಾಕಿದರೆ ಸುಮಾರು 15 ಕಿಲೋ ಸಾರಜನಕ ಈ ಬೆಳೆಗೇ ದಕ್ಕುತ್ತದೆ, ರಂಜಕದ ಅಗತ್ಯ ಅರ್ಧಕ್ಕಿಳಿಯುತ್ತದೆ. ಆಗ ಬಿತ್ತನೆಗೆ 22 ಕಿಲೋ ಡಿಎಪಿ, ಮೇಲುಗೊಬ್ಬರಕ್ಕೆ ಒಂದು ಚೀಲ ಯೂರಿಯಾ ಸಾಕು. ಮಣ್ಣು ಪರೀಕ್ಷೆಯಲ್ಲಿ ಪೊಟ್ಯಾಷ್ ಕಡಿಮೆ ಎಂದು ಬರದಿದ್ದರೆ ಅದನ್ನೂ ಆ ವರ್ಷ ಬಿಡಬಹುದು. ಫಾರಂನಿಂದ ನೇರವಾಗಿ ತಂದ ಹಸಿ ಕೋಳಿ ಗೊಬ್ಬರ ಮೊಳಕೆಯನ್ನು ಸುಡುತ್ತದೆ. ಅದನ್ನು ತೇವ ಮಾಡಿ ಮುಚ್ಚಿಟ್ಟು ಒಂದೂವರೆ–ಎರಡು ತಿಂಗಳು ಕಳಿಸಿಯೇ ಬಳಸಬೇಕು.

ನೀರಾವರಿ ಇರುವವರು ಹೆಕ್ಟೇರಿಗೆ 150 ಕಿಲೋ ಸಾರಜನಕದ ಶಿಫಾರಸಿಗೆ ತಕ್ಕಂತೆ ಇದೇ ಅನುಪಾತದಲ್ಲಿ ಒಂದೂವರೆ ಪಟ್ಟು ಹೆಚ್ಚಿಸಿಕೊಳ್ಳಬಹುದು.

ಐದನೆಯ ಹಂತ: ಕೊಟ್ಟಿಗೆ ಗೊಬ್ಬರ ಹರಡುವುದು

ಯುಗಾದಿ ಕಳೆದ ಕೂಡಲೇ ಗೊಬ್ಬರ ಹೇರಿ, ಹೊಲದ ತುಂಬ ಸಣ್ಣ ಸಣ್ಣ ಗುಪ್ಪೆ ಮಾಡಿ ಮಳೆ ಬರುವವರೆಗೆ ಬಿಡುವುದು ಹಳೆಯ ರೂಢಿ. ಏಪ್ರಿಲ್–ಮೇ ಬಿಸಿಲಿನಲ್ಲಿ ಆ ಗುಪ್ಪೆಗಳು ಒಣಗಿ ಸಾರಜನಕ ಕಳೆದುಕೊಳ್ಳುತ್ತವೆ; ಮೊದಲ ಅಡ್ಡ ಮಳೆಗೆ ಗುಪ್ಪೆಯ ಅಡಿಯ ನೆಲ ಮಾತ್ರ ಸಾರ ಹೀರಿಕೊಂಡು, ಆಮೇಲೆ ಪೈರು ಅಲ್ಲಲ್ಲಿ ಕಡುಹಸಿರು, ಉಳಿದೆಡೆ ಬಿಳಿಚಿಕೊಂಡು ನಿಲ್ಲುತ್ತದೆ. ಸಾಗಣೆಗೆ ಬೇಸಿಗೆಯೇ ಅನುಕೂಲವಾದರೆ ಹೊಲದ ಒಂದು ಮೂಲೆಯಲ್ಲಿ ಒಂದೇ ದೊಡ್ಡ ಗುಡ್ಡೆ ಹಾಕಿ, ಮೇಲೆ ಮಣ್ಣೋ ಸೊಪ್ಪೆಯೋ ಮುಚ್ಚಿಡುವುದು ಮೇಲು. ರೋಹಿಣಿ, ಮೃಗಶಿರ ಮಳೆಗಳಿಗೆ ನೆಲ ಹದವಾದಾಗ, ಬಿತ್ತನೆಗೆ ಎರಡು ವಾರ ಮೊದಲು ಹರಡಿ ಅದೇ ದಿನ ಕುಂಟೆ ಹೊಡೆದು ಮಣ್ಣಿಗೆ ಬೆರೆಸಬೇಕು.

ಎಕರೆಗೆ ನಾಲ್ಕು ಟನ್ ಎಂದರೆ ಒಂದು ಚದರ ಮೀಟರಿಗೆ ಒಂದು ಕಿಲೋ. ಐದು ಮೀಟರಿಗೊಂದರಂತೆ ಸಾಲಾಗಿ 25 ಕಿಲೋದ ಗುಪ್ಪೆಗಳನ್ನಿಟ್ಟು ಅಂದೇ ಎರಚಿದರೆ ಎಲ್ಲೆಡೆ ಸಮನಾಗುತ್ತದೆ.

ಇಡೀ ಹೊಲಕ್ಕೆ ಸಾಲುವಷ್ಟು ಗೊಬ್ಬರ ಇಲ್ಲದವರೇ ಹೆಚ್ಚು. ಇದ್ದಷ್ಟನ್ನು ಎಲ್ಲ ಕಡೆ ತೆಳ್ಳಗೆ ಎರಚುವುದಕ್ಕಿಂತ ಪ್ರತಿವರ್ಷ ಹೊಲದ ಮೂರನೇ ಒಂದು ಭಾಗಕ್ಕೆ ಪೂರ್ಣ ಪ್ರಮಾಣ ಕೊಟ್ಟು ಸರದಿಯಂತೆ ಮುಗಿಸುವುದು ನನಗೆ ಸರಿಯೆನಿಸುತ್ತದೆ, ಏಕೆಂದರೆ ಅದರ ಫಲ ಎರಡು–ಮೂರು ವರ್ಷ ಉಳಿಯುತ್ತದೆ. ಒಂದು ಟನ್ನಿಗಿಂತಲೂ ಕಡಿಮೆ ಇದ್ದರೆ ಮಾತ್ರ ಬಿತ್ತನೆಯ ಸಾಲಿನಲ್ಲೇ ಹಾಕಿ, ರಂಜಕದ ಗೊಬ್ಬರವನ್ನು ಅದರೊಂದಿಗೆ ಬೆರೆಸಬಹುದು. ಕೆಂಪು ಮಣ್ಣಿನಲ್ಲಿ ಕಬ್ಬಿಣ, ಅಲ್ಯೂಮಿನಿಯಂ ಮತ್ತು ಎರೆ ಮಣ್ಣಿನಲ್ಲಿ ಸುಣ್ಣದ ಅಂಶ ರಂಜಕವನ್ನು ಕಟ್ಟಿಹಾಕುತ್ತವೆ. ಗೊಬ್ಬರ ಕಳಿಯುವಾಗ ಹುಟ್ಟುವ ಸಾವಯವ ಆಮ್ಲಗಳು ಆ ಕಟ್ಟನ್ನು ಸಡಿಲಗೊಳಿಸುತ್ತವೆ.

ಸತುವಿನ ಸಲ್ಫೇಟನ್ನು, ಮಣ್ಣು ಪರೀಕ್ಷೆ ಹೇಳಿದ ಪ್ರಮಾಣದಲ್ಲಿ, ಈ ಹಂತದಲ್ಲೇ ಪುಡಿ ಗೊಬ್ಬರಕ್ಕೆ ಬೆರೆಸಿ ಹಾಕಬೇಕು. ಅದನ್ನು ಡಿಎಪಿ ಜೊತೆ ಬೆರೆಸಿದರೆ ಎರಡೂ ಒಂದನ್ನೊಂದು ಹಿಡಿದುಕೊಂಡು ಬೆಳೆಗೆ ಸಿಗದೆ ಹೋಗುತ್ತವೆ. ಗಾಳಿಯ ಸಾರಜನಕ ಹಿಡಿಯುವ ಅಜೋಸ್ಪಿರಿಲಂ, ರಂಜಕ ಕರಗಿಸುವ ಜೀವಾಣು ಗೊಬ್ಬರಗಳನ್ನೂ ಕೊಟ್ಟಿಗೆ ಗೊಬ್ಬರದೊಂದಿಗೆ ಬೆರೆಸಬೇಕೇ ಹೊರತು ರಸಗೊಬ್ಬರದೊಂದಿಗಲ್ಲ.

ಆರನೆಯ ಹಂತ: ಬಿತ್ತನೆಯ ಗೊಬ್ಬರ

ತಳಗೊಬ್ಬರವು ಬೀಜದ ಪಕ್ಕದಲ್ಲಿ, ಬೀಜಕ್ಕಿಂತ ಸುಮಾರು ಐದು ಸೆಂಟಿಮೀಟರ್ ಕೆಳಗೆ ಬೀಳಬೇಕು. ಬೀಜ ಮತ್ತು ಗೊಬ್ಬರಕ್ಕೆ ಪ್ರತ್ಯೇಕ ಪೆಟ್ಟಿಗೆಗಳಿರುವ ಟ್ರ್ಯಾಕ್ಟರ್ ಕೂರಿಗೆಯಲ್ಲಿ ಇದು ಸುಲಭ. ಬೀಜಕ್ಕೆ ಯೂರಿಯಾ ಬೆರೆಸಿ ಕೂರಿಗೆಯ ಒಂದೇ ಕೊಳವೆಯಲ್ಲಿ ಬಿಡುವವರು ಮೊಳಕೆ ಕಡಿಮೆಯಾದಾಗ ಬೀಜದ ಕಂಪನಿಯನ್ನು ಬೈಯುವುದುಂಟು. ತೇವ ಕಡಿಮೆಯಿದ್ದ ವರ್ಷ ಯೂರಿಯಾವೇ ಬೀಜವನ್ನು ಸುಟ್ಟಿರುತ್ತದೆ.

ಏಳನೆಯ ಹಂತ: ಮೇಲುಗೊಬ್ಬರ

ಮೊದಲ ಕಂತು ಪೈರು ಮೊಣಕಾಲೆತ್ತರ ಬಂದಾಗ, ಅಂದರೆ 25–30 ದಿನಕ್ಕೆ. ಎರಡನೆಯದು ಸೂಲಂಗಿ ಹೊರಡುವ ಮುನ್ನ, 45–50 ದಿನಕ್ಕೆ. ದಿನದ ಲೆಕ್ಕಕ್ಕಿಂತ ನೆಲದ ತೇವ ಮುಖ್ಯ. ಮೊದಲು ಎಡೆಕುಂಟೆ ಹೊಡೆದು ಕಳೆ ತೆಗೆಯಬೇಕು, ಇಲ್ಲವಾದರೆ ಯೂರಿಯಾದ ಮೊದಲ ತುತ್ತು ಕಳೆಗೇ ಹೋಗುತ್ತದೆ. ಗಿಡದ ಬುಡದಿಂದ ಒಂದು ಗೇಣಿನೊಳಗೆ ಸಾಲಿನುದ್ದಕ್ಕೆ ಉದುರಿಸಿ ಕೂಡಲೇ ಮತ್ತೊಮ್ಮೆ ಕುಂಟೆಯಿಂದ ಮಣ್ಣೇರಿಸಬೇಕು. ಮೇಲೆ ಬಿಟ್ಟ ಯೂರಿಯಾ ಬಿಸಿಲಿಗೆ ಅಮೋನಿಯಾ ಆಗಿ ಹಾರುತ್ತದೆ. ಸಾಲಿನಿಂದ ಸಾಲಿಗೆ 60, ಗಿಡದಿಂದ ಗಿಡಕ್ಕೆ 20 ಸೆಂಟಿಮೀಟರ್ ಅಂತರವಿದ್ದರೆ ಎಕರೆಯಲ್ಲಿ 33 ಸಾವಿರಕ್ಕೂ ಹೆಚ್ಚು ಗಿಡಗಳಿರುತ್ತವೆ. 30 ಕಿಲೋ ಯೂರಿಯಾ ಎಂದರೆ ಪ್ರತಿ ಗಿಡಕ್ಕೆ ಒಂದು ಗ್ರಾಮಿಗಿಂತಲೂ ಕಡಿಮೆ, ಬರೀ ಒಂದು ಚಿಟಿಕೆ. ಆದ್ದರಿಂದ ಹಿಡಿ ತುಂಬ ಬೀಸಿ ಎರಚುವ ಕೈಯಿಂದ ಈ ಕೆಲಸ ಸಮನಾಗಿ ನಡೆಯುವುದಿಲ್ಲ. ಬೆಳಗಿನ ಇಬ್ಬನಿಯಲ್ಲಿ ಎರಚಿದರೆ ಸುಳಿಯೊಳಗೆ ನಿಂತ ಹರಳುಗಳು ಎಲೆಯನ್ನು ಸುಡುತ್ತವೆ.

ಮೂವತ್ತನೆಯ ದಿನಕ್ಕೆ ಮಳೆಯೇ ಇಲ್ಲದಿದ್ದರೆ ಒಣ ನೆಲಕ್ಕೆ ಯೂರಿಯಾ ಚೆಲ್ಲಬಾರದು; ಮಳೆಗೆ ಕಾಯಬೇಕು. ತೀರಾ ತಡವಾದರೆ ಲೀಟರ್ ನೀರಿಗೆ 20 ಗ್ರಾಮ್ ಯೂರಿಯಾ ಕರಗಿಸಿ ಸಂಜೆ ಹೊತ್ತು ಎಲೆಗಳ ಮೇಲೆ ಸಿಂಪಡಿಸಿ ಪೈರನ್ನು ಉಳಿಸಿಕೊಳ್ಳಬಹುದು. ಇದಕ್ಕೆ ವಿರುದ್ಧವಾಗಿ, ಎರೆ ಹೊಲದಲ್ಲಿ ಜಿಟಿಜಿಟಿ ಮಳೆ ಹಿಡಿದು ನೀರು ನಿಂತು ಪೈರು ಹಳದಿಯಾದರೆ, ಮೊದಲು ಬಸಿಗಾಲುವೆ ತೆಗೆದು ನೀರು ಹೊರಹಾಕಿ, ಬೇರು ಉಸಿರಾಡುವಂತಾದ ಮೇಲೆ ಎಕರೆಗೆ 20 ಕಿಲೋದಷ್ಟು ಯೂರಿಯಾ ಹೆಚ್ಚುವರಿಯಾಗಿ ಕೊಡಬಹುದು. ಹಸಿರು ಇನ್ನೂ ಕಡುವಾಗಲಿ ಎಂಬ ಆಸೆಗೆ ಮಾತ್ರ ಹೆಚ್ಚು ಕೊಡಬಾರದು. ಸಾರಜನಕ ಮಿತಿಮೀರಿದ ಗಿಡ ಮೆತ್ತಗಾಗಿ ಗಾಳಿಗೆ ಬೀಳುತ್ತದೆ. 2018ರಲ್ಲಿ ದೇಶದಲ್ಲೇ ಮೊದಲಿಗೆ ಶಿವಮೊಗ್ಗ ಭಾಗದಲ್ಲಿ ಕಾಣಿಸಿಕೊಂಡ ಫಾಲ್ ಸೈನಿಕ ಹುಳುವಿಗೂ ಅಂಥ ಎಳಸು ಎಲೆಯೇ ಬೇಕು.

ಪೈರು ನೋಡಿ ತಿಳಿಯಬೇಕಾದದ್ದು

ಕೆಳಗಿನ ಎಲೆಗಳು ತುದಿಯಿಂದ ನಡುನರದ ಗುಂಟ ಒಳಕ್ಕೆ ಹಳದಿಯಾಗುತ್ತ ಬಂದರೆ ಸಾರಜನಕ ಸಾಲದು. ಅವೇ ಎಲೆಗಳ ಅಂಚು ಮಾತ್ರ ಸುಟ್ಟಂತಾಗಿ ನಡುಭಾಗ ಹಸಿರಾಗಿದ್ದರೆ ಪೊಟ್ಯಾಷ್ ಕೊರತೆ. ಎಳೆಯ ಪೈರಿನ ಎಲೆ ನೇರಳೆಗೆ ತಿರುಗಿದರೆ ರಂಜಕದ ಕೊರತೆಯನ್ನು ಶಂಕಿಸಬೇಕು, ಆದರೆ ಚಳಿ ಅಥವಾ ನೀರು ನಿಂತಾಗಲೂ ಈ ಬಣ್ಣ ಬರುವುದುಂಟು. ಎಳೆಯ ಎಲೆಗಳ ಬುಡದಲ್ಲಿ ನರದ ಎರಡೂ ಬದಿಗೆ ಬಿಳಿ ಪಟ್ಟೆ ಕಂಡರೆ ಅದು ಸತು. ಲೀಟರ್ ನೀರಿಗೆ 5 ಗ್ರಾಮ್ ಸತುವಿನ ಸಲ್ಫೇಟ್ ಮತ್ತು 2.5 ಗ್ರಾಮ್ ಸುಣ್ಣ ಬೆರೆಸಿ, ಸೋಸಿ ಸಿಂಪಡಿಸಬೇಕು.

ಕೊಯ್ಲಿನ ನಂತರ

ತೆನೆ ಮುರಿದ ಮೇಲೆ ಸೊಪ್ಪೆಗೆ ಬೆಂಕಿ ಇಟ್ಟರೆ ಅದರ ಸಾರಜನಕ, ಗಂಧಕ ಹೊಗೆಯಾಗಿ ಹೋಗುತ್ತವೆ. ಮೇವಿಗೆ ಬೇಕಾದಷ್ಟು ತೆಗೆದು ಉಳಿದದ್ದನ್ನು, ನೆಲದಲ್ಲಿ ತೇವವಿರುವಾಗಲೇ, ರೋಟಾವೇಟರಿನಿಂದ ಚೂರು ಮಾಡಿ ಮಣ್ಣಿಗೆ ಸೇರಿಸಬಹುದು. ಎರೆ ಹೊಲದಲ್ಲಿ ಹಿಂಗಾರಿಗೆ ಕಡಲೆ ಬಿತ್ತುವವರಿಗೆ ಮುಂಗಾರಿನಲ್ಲಿ ಹಾಕಿದ ಕೊಟ್ಟಿಗೆ ಗೊಬ್ಬರದ ಉಳಿಕೆಯೇ ಸಾಕಷ್ಟು ಒದಗುವುದರಿಂದ ಕಡಲೆಗೆ ಮತ್ತೆ ಕೊಟ್ಟಿಗೆ ಗೊಬ್ಬರ ಬೇಕಾಗುವುದಿಲ್ಲ. ಸರದಿಯಂತೆ ಮೂರು ವರ್ಷದಲ್ಲಿ ಇಡೀ ಹೊಲಕ್ಕೆ ಗೊಬ್ಬರ ಮುಟ್ಟಿದ ಮೇಲೆ ಅದೇ ಜಾಗಗಳ ಮಣ್ಣನ್ನು ಮತ್ತೆ ಪರೀಕ್ಷೆಗೆ ಕೊಡಬೇಕು. ಸಾವಯವ ಇಂಗಾಲ ಏರಿದ್ದು ಕಂಡರೆ ಮೇಲುಗೊಬ್ಬರದ ಯೂರಿಯಾವನ್ನು ನಾಲ್ಕನೇ ಒಂದು ಭಾಗದಷ್ಟು, ಮೊದಲು ಹೊಲದ ಕೆಲವೇ ಸಾಲುಗಳಲ್ಲಿ, ಇಳಿಸಿ ನೋಡಬಹುದು. ಆ ಸಾಲುಗಳ ತೆನೆಯನ್ನು ಬೇರೆಯಾಗಿ ಮುರಿದು ತೂಗಿ, ಪಕ್ಕದ ಅಷ್ಟೇ ಸಾಲುಗಳೊಂದಿಗೆ ಹೋಲಿಸಿದ ನಂತರವೇ ಉಳಿದ ಹೊಲಕ್ಕೆ ಆ ಪ್ರಮಾಣವನ್ನು ಅನ್ವಯಿಸಬೇಕು.